ನನ್ನ ಬದಲು ನೀನು ಕೊಟ್ಟ ಉತ್ತರ

ಶನಿವಾರ, ಮಾರ್ಚ್ ೧೪
ಅಂಗಡಿಯ ಹಿಂದಿನ ಕೋಣೆ

ಅಕ್ಕಾ,

ಸೋಮವಾರ ಗಾಡಿ ತರಬೇಡ. ಕ್ಷೇಮ ಸಮಾಚಾರವೆಲ್ಲ ಆಮೇಲೆ, ಮೊದಲು ಇದನ್ನು ಓದಿಕೋ. ನೀನು ಗೊತ್ತುಮಾಡಿರುವ ಆ ಆಶ್ರಯಧಾಮಕ್ಕೆ ನಾನು ಬರುವುದಿಲ್ಲ. ಅಲ್ಲಿನ ಮೇಲ್ವಿಚಾರಕಿಗೆ ಫೋನ್ ಮಾಡಿ ನನ್ನ ತಂಗಿ ಬರುವುದಿಲ್ಲ ಎಂದು ತಿಳಿಸಿಬಿಡು. ಯಾಕೆ ಎಂದು ಅವಳು ಕೇಳಿದರೆ ಏನಾದರೊಂದು ಹೇಳು. ಆ ವಿದ್ಯೆಯಲ್ಲಿ ನಿನ್ನ ಕೈ ಪಳಗಿದೆ.

ಬುಧವಾರದಿಂದ ನೀನು ಫೋನ್ ಮಾಡುತ್ತಲೇ ಇದ್ದೀಯ, ನಾನು ಎತ್ತುತ್ತಿಲ್ಲ. ಎತ್ತಿದರೆ ನೀನೇ ಮಾತಾಡುತ್ತೀಯ. ನನ್ನ ಪಾಲಿನ ಮಾತನ್ನೂ ನೀನೇ ಆಡಿ ಮುಗಿಸಿ "ಸರಿ, ಇಡ್ತೀನಿ" ಅನ್ನುತ್ತೀಯ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕಲು ಆಗುವುದಿಲ್ಲ. ಅಕ್ಷರ ಸೊಟ್ಟಗಿದ್ದರೆ ಕಾಯಿಲೆ ಜಾಸ್ತಿಯಾಯಿತು ಎಂದು ಭಾವನಿಗೆ ತೋರಿಸಬೇಡ. ಇದು ಸಿಟ್ಟು. ನನಗೆ ಸಿಟ್ಟು ಬಂದಾಗಲೆಲ್ಲ ನೀನು ಮಾತ್ರೆಯ ಹೊತ್ತಾಯಿತೇ ಎಂದು ಗಡಿಯಾರ ನೋಡುತ್ತೀಯಲ್ಲ, ಅದಕ್ಕೇ ಹೇಳಿದೆ.

ಬುಧವಾರ ಬೆಳಿಗ್ಗೆ ನೀನು ಮಕ್ಕಳನ್ನು ಶಾಲೆಗೆ ಬಿಡಲು ಹೋದಾಗ ಅಡುಗೆಮನೆಯ ಕಪಾಟಿನ ಬೀಗ ತೆಗೆದು ನನ್ನ ಮಾತ್ರೆಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಹೊರಟೆ. ಭಾವ ಬಾಗಿಲ ಬಳಿ ಶೂ ಹಾಕಿಕೊಳ್ಳುತ್ತಿದ್ದರು. "ಎಲ್ಲಿಗಮ್ಮಾ?" ಎಂದರು. ಆಸ್ಪತ್ರೆಗೆ ಎಂದೆ. "ಅವಳಿಗೆ ಹೇಳಿದ್ದೀಯಾ?" ಎಂದರು. ತಲೆಯಲ್ಲಿ ಬಿಳಿ ಕೂದಲು ಬಂದಿರುವ ಹೆಂಗಸು ತನ್ನ ಡಾಕ್ಟರನ್ನು ನೋಡಲು ಮನೆಯಿಂದ ಅಪ್ಪಣೆ ಪಡೆಯಬೇಕು! ಭಾವನನ್ನು ಬೈಯಬೇಡ. ಅವರು ಪಾಪ, ಒಂದು ಶೂ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ಗೇಟಿನ ತನಕ ಬಂದರು. ನಾನು ತಿರುಗಿ ನೋಡಲಿಲ್ಲ.

ಅಲ್ಲಿ ಏನಾಯಿತು ಎಂದು ಹೇಳುವ ಮೊದಲು ಹಿಂದಿನದನ್ನು ಒಮ್ಮೆ ಹೇಳಬೇಕು. ಗೊತ್ತಿರುವುದನ್ನೇ ಕೊರೆಯುತ್ತಾಳೆ ಅನ್ನಬೇಡ. ನಿನಗೆ ಗೊತ್ತಿರುವುದು ನೀನು ಊರಿಗೆಲ್ಲ ಹೇಳಿದ ಕಥೆ.

ನನಗೆ ಎಚ್‌ಐವಿ ಇದೆ. ನೋಡು, ಬರೆದೆ. ಕಾಗದ ಹೊತ್ತಿ ಉರಿಯಲಿಲ್ಲ. ಇಷ್ಟು ವರ್ಷ ನಮ್ಮಿಬ್ಬರ ನಡುವೆ ಅದಕ್ಕೆ 'ಅದು' ಎಂದಷ್ಟೇ ಹೆಸರು. ಎಲ್ಲಿಂದ ಬಂತು, ಯಾರಿಂದ ಬಂತು ಎಂಬುದು ಈ ಪತ್ರದ ವಿಷಯವಲ್ಲ, ಇನ್ಯಾವ ಪತ್ರದ ವಿಷಯವೂ ಆಗುವುದಿಲ್ಲ. ನೆರೆಮನೆಯವರಿಗೆ ನೀನು ನನಗೆ ಥೈರಾಯ್ಡ್ ಎಂದೆ. ನೆಂಟರಿಗೆ ರಕ್ತಹೀನತೆ ಎಂದೆ. ಅಂಗಡಿಯ ಯಜಮಾನರಿಗೆ ಫೋನ್ ಮಾಡಿ ಕಾಮಾಲೆ ಎಂದೆ. ಅವರು ಒಂದು ವಾರ ನನ್ನ ಕಣ್ಣು ಹಳದಿಯಾಗಿದೆಯೇ ಎಂದು ಬಗ್ಗಿ ಬಗ್ಗಿ ನೋಡಿದರು. ಕನ್ನಡಕದ ಅಂಗಡಿಯವರಿಗೆ ಕಣ್ಣಿನ ಸುಳ್ಳು ಹೇಳಿದರೆ ನಡೆಯುತ್ತದೆಯೇ? ಒಂದು ಸಣ್ಣ ದೇಹಕ್ಕೆ ಇಷ್ಟೆಲ್ಲ ರೋಗ ದಯಪಾಲಿಸಿದ್ದೀಯ, ನಿಜವಾದದ್ದಕ್ಕೆ ಮಾತ್ರ ಜಾಗ ಉಳಿಸಲಿಲ್ಲ.

ಆದರೂ ಆ ಸುಳ್ಳುಗಳಿಂದ ಯಾರಿಗೂ ಏನೂ ಆಗಲಿಲ್ಲ. ನಾನೂ ನಕ್ಕು ಸುಮ್ಮನಾದೆ. ಮಾತ್ರೆ ನುಂಗುತ್ತಿದ್ದೆ, ಲೆನ್ಸಿನ ಅಂಚು ಉಜ್ಜುತ್ತಿದ್ದೆ, ನನ್ನ ಬಾಡಿಗೆ ಕೋಣೆಯಲ್ಲಿ ನನ್ನ ಪಾಡಿಗೆ ನಾನಿದ್ದೆ. ಆಸ್ಪತ್ರೆಯಲ್ಲಿ ಪ್ರತಿ ಸಲವೂ ರಕ್ತದಲ್ಲಿ ವೈರಸ್ ಕಾಣಿಸುತ್ತಿಲ್ಲ ಎಂದು ಬೆನ್ನು ತಟ್ಟುತ್ತಿದ್ದರು.

ಕಳೆದ ವರ್ಷ ನನ್ನ ಮನಸ್ಸು ನನ್ನ ಮಾತು ಕೇಳುವುದನ್ನು ಬಿಟ್ಟಿತು. ವಾರಗಟ್ಟಲೆ ಹಾಸಿಗೆಯಿಂದ ಏಳಲು ಆಗಲಿಲ್ಲ. ಬೇಜಾರು ಎಂದು ಕರೆಯಬೇಡ ಅದನ್ನು. ಬೇಜಾರಾದವರು ಸ್ನಾನ ಮಾಡುತ್ತಾರೆ, ಹಸಿದರೆ ಉಣ್ಣುತ್ತಾರೆ. ನನಗೆ ತಲೆಯ ಮೇಲೆ ನೀರು ಹೊಯ್ದುಕೊಳ್ಳುವುದು ಬೆಟ್ಟ ಹೊತ್ತಂತೆ ಆಗುತ್ತಿತ್ತು. ಬದುಕಿರುವುದು ಸಾಕು ಅನ್ನಿಸುತ್ತಿತ್ತು. ಆಮೇಲೆ ಇದ್ದಕ್ಕಿದ್ದಂತೆ ಅದರ ತದ್ವಿರುದ್ಧ. ನಿದ್ದೆಯೇ ಬೇಡ. ಅಂಗಡಿಯ ಫ್ರೇಮುಗಳನ್ನೆಲ್ಲ ಕೆಳಗಿಳಿಸಿ ಬಣ್ಣದ ಪ್ರಕಾರ ಜೋಡಿಸಿದೆ. ಕಣ್ಣು ಸರಿಯಾಗಿರುವ ಒಬ್ಬ ಮೇಷ್ಟ್ರಿಗೆ ಎರಡು ಕನ್ನಡಕ ಮಾರಿದೆ. ಯಜಮಾನರು ಮೊದಲು ಖುಷಿಪಟ್ಟರು, ಆಮೇಲೆ ಹೆದರಿ ನಿನಗೆ ಫೋನ್ ಮಾಡಿದರು. ನೀನು ಬಂದು ನನ್ನನ್ನು ನಿನ್ನ ಮನೆಗೆ ಕರೆದುಕೊಂಡು ಹೋದೆ. ಅಲ್ಲಿ ನಾನು ಮತ್ತೆ ಹಾಸಿಗೆ ಹಿಡಿದೆ.

ಅಲ್ಲಿಂದ ಶುರುವಾಯಿತು ನಿನ್ನ ಎರಡು ಆಸ್ಪತ್ರೆಗಳ ಲೆಕ್ಕಾಚಾರ.

ಮನಸ್ಸಿನ ಡಾಕ್ಟರ ಬಳಿಗೆ ಹೋಗುವಾಗ ಆಟೋದಲ್ಲಿ ನೀನು ನನ್ನ ಮಣಿಕಟ್ಟು ಹಿಡಿದುಕೊಂಡು ಹೇಳಿದೆ: "ಅದರ ಬಗ್ಗೆ ಇಲ್ಲಿ ತುಟಿ ಬಿಚ್ಚಬೇಡ. ನಮ್ಮನ್ನ ಹತ್ರ ಸೇರಿಸಲ್ಲ." ಒಳಗೆ ಡಾಕ್ಟರು ಕೇಳಿದ್ದು ನನ್ನನ್ನು. ಬೇರೆ ಏನಾದರೂ ಕಾಯಿಲೆ ಇದೆಯೇ, ಬೇರೆ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ನನ್ನ ಮುಖ ನೋಡಿಯೇ ಕೇಳಿದರು. ನಾನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಪಕ್ಕದ ಕುರ್ಚಿಯಿಂದ ನೀನು, "ಏನೂ ಇಲ್ಲ ಡಾಕ್ಟ್ರೇ, ಬರೀ ವಿಟಮಿನ್" ಎಂದೆ. ಅವರು ಬರೆದುಕೊಂಡರು. ಮನೆಗೆ ಬಂದು ನೀನು ಎಚ್‌ಐವಿ ಮಾತ್ರೆಯ ಬಾಟಲಿಯ ಮೇಲಿನ ಚೀಟಿಯನ್ನು ಬಿಸಿನೀರಿನಲ್ಲಿ ನೆನೆಸಿ ಉಜ್ಜಿ ತೆಗೆದೆ. ಮಾತ್ರೆಗಳನ್ನು ಕ್ಯಾಲ್ಸಿಯಂ ಡಬ್ಬಿಗೆ ತುಂಬಿದೆ. ಎಷ್ಟು ಶ್ರದ್ಧೆ ನಿನಗೆ!

ಅಲ್ಲಿ ನೀನು ಇದನ್ನು ಮುಚ್ಚಿಟ್ಟೆ, ಇಲ್ಲಿ ಮನಸ್ಸಿನ ಕಾಯಿಲೆಯನ್ನು ಮುಚ್ಚಿಟ್ಟೆ. ಎಚ್‌ಐವಿ ವಿಭಾಗದ ಕೌನ್ಸೆಲರ್ ಪ್ರತಿ ಸಲವೂ ಕೇಳುತ್ತಿದ್ದರು, ನಿದ್ದೆ ಹೇಗಿದೆ, ಮನಸ್ಸು ಹೇಗಿದೆ ಎಂದು. ಅದನ್ನೂ ನನ್ನನ್ನೇ ಕೇಳುತ್ತಿದ್ದರು. "ಚೆನ್ನಾಗಿದ್ದಾಳೆ ಮೇಡಂ, ಮಕ್ಕಳ ಜೊತೆ ನಗ್ತಾ ಇರ್ತಾಳೆ" ಅನ್ನುತ್ತಿದ್ದೆ ನೀನು. ತಲೆ ಕೆಟ್ಟವಳು ಎಂದು ಗೊತ್ತಾದರೆ ಅವರು ಮಾತ್ರೆ ಕೊಡುವುದನ್ನೇ ನಿಲ್ಲಿಸುತ್ತಾರೆ ಎಂದು ನಿನಗೆ ಭಯ. ಯಾರು ಹೇಳಿದರು ಹಾಗೆಂದು? ಯಾರೂ ಹೇಳಿಲ್ಲ. ನೀನೇ ಕೇಳಿಕೊಂಡೆ, ನೀನೇ ಉತ್ತರ ಕೊಟ್ಟುಕೊಂಡೆ.

"ನಿನ್ನ ಬಾಯಿ ಎಲ್ಲಿ ಹೋಗಿತ್ತು?" ಎಂದು ನೀನು ಕೇಳುವುದು ಇಲ್ಲಿಗೇ ಕೇಳಿಸುತ್ತಿದೆ. ಮೈಯಲ್ಲಿ ಪ್ರಾಣವಿಲ್ಲದಂತೆ ಕೂತಿರುವವಳ ಬದಲು ಬೇರೊಬ್ಬರು ಮಾತಾಡಿದರೆ ಅವಳಿಗೆ ಆಗುವುದು ಉಪಕಾರ. ನನಗೂ ಹಾಗೇ ಅನ್ನಿಸಿತ್ತು. ಉಪಕಾರ ಮಾಡುವವರೇ ಬಾಯಿ ಕಿತ್ತುಕೊಳ್ಳುತ್ತಾರೆ ಎಂದು ಆಗ ಹೊಳೆಯಲಿಲ್ಲ.

ಮನಸ್ಸಿನ ಮಾತ್ರೆಯಿಂದ ಒಳ್ಳೆಯದೇ ಆಯಿತು, ಸುಳ್ಳು ಹೇಳಲಾರೆ. ಏರಿಳಿತ ಕಡಿಮೆಯಾಯಿತು. ಅರ್ಧ ದಿನ ಅಂಗಡಿಗೆ ಹೋಗತೊಡಗಿದೆ. ಅಷ್ಟರಲ್ಲಿ ಎಚ್‌ಐವಿ ವಿಭಾಗದ ರಕ್ತಪರೀಕ್ಷೆ ಬಂತು. ವೈರಸ್ ಮತ್ತೆ ಏರಿತ್ತು. "ಮಾತ್ರೆ ಬಿಡ್ತಾ ಇದ್ದೀರಾ?" ಎಂದರು ಅಲ್ಲಿನ ಡಾಕ್ಟರಮ್ಮ. ಇಲ್ಲ ಎಂದೆ. ನಾನು ಇಲ್ಲ ಎಂದೆ, ಅಕ್ಕಾ. ಅದೊಂದು ಪ್ರಶ್ನೆಗೆ ನನ್ನ ಬಾಯಿಂದಲೇ ಉತ್ತರ ಬಂತು, ಅದನ್ನು ಯಾರೂ ನಂಬಲಿಲ್ಲ. ಡಾಕ್ಟರಮ್ಮ ನಿನ್ನ ಮುಖ ನೋಡಿದರು. ನೀನು ತಲೆ ತಗ್ಗಿಸಿದೆ. ಆ ತಲೆ ತಗ್ಗಿಸಿದ್ದನ್ನು ನಾನು ಯಾವತ್ತೂ ಮರೆಯುವುದಿಲ್ಲ.

ಮರುದಿನದಿಂದ ನೀನು ಮಾತ್ರೆಯನ್ನು ಕೈಯಾರೆ ಕೊಡತೊಡಗಿದೆ. "ಬಾಯಿ ತೆಗಿ. ಆ ಅನ್ನು. ನಾಲಿಗೆ ಎತ್ತು." ಫೋನಿನ ಟಾರ್ಚ್ ಹಾಕಿ ನೋಡುತ್ತಿದ್ದೆ. ಮಕ್ಕಳು ತಿಂಡಿ ತಿನ್ನುತ್ತಾ ನೋಡುತ್ತಿದ್ದವು. ಚಿಕ್ಕವಳು ಒಂದು ದಿನ ತನ್ನ ಗೊಂಬೆಗೆ "ನಾಲಿಗೆ ಎತ್ತು, ಕಳ್ಳಿ" ಎಂದು ಗದರಿಸುತ್ತಿದ್ದಳು. ನೀನು ನಕ್ಕೆ. ನಾನು ಹೊರಗೆ ಹೋಗಿ ಗೋಡೆಗೆ ಒರಗಿ ನಿಂತೆ. ಕಿರುಚಬೇಕು ಅನ್ನಿಸಿತು, ಕಿರುಚಲಿಲ್ಲ. ಕಿರುಚಿದರೆ ಅದಕ್ಕೂ ಒಂದು ಮಾತ್ರೆ ಜಾಸ್ತಿಯಾಗುತ್ತಿತ್ತು.

ಎರಡನೇ ಪರೀಕ್ಷೆಯಲ್ಲಿ ಇನ್ನೂ ಏರಿತು. ತೂಕ ಇಳಿಯಿತು, ಬಾಯಿಯೆಲ್ಲ ಹುಣ್ಣು. ಆಗ ನೀನು ಆ ಮಾತು ಹೇಳಿದೆ. "ನಿನಗೆ ಸಾಯಬೇಕಾಗಿದೆ. ಅದಕ್ಕೇ ನಾನು ಹೋದ ಮೇಲೆ ವಾಂತಿ ಮಾಡ್ಕೋತಿದ್ದೀಯ." ಅದಾದ ಮೇಲೆ ಬಚ್ಚಲಮನೆಯ ಚಿಲಕವನ್ನೂ ಬಿಚ್ಚಿಸಿದೆ.

ಈಗ ಹೇಳುವುದನ್ನು ನಿಧಾನವಾಗಿ ಓದು. ನಿನ್ನ ಆ ಮಾತನ್ನು ನಾನು ನಂಬಿದೆ. ಅಂಗಡಿಗೆ ಒಮ್ಮೊಮ್ಮೆ ಗಿರಾಕಿಗಳು ಬೇರೆ ಕಡೆ ಮಾಡಿಸಿದ ಕನ್ನಡಕ ತರುತ್ತಾರೆ. ಲೆನ್ಸಿನ ನಡುಬಿಂದು ಕಣ್ಣಿನ ನೇರಕ್ಕೆ ಇಲ್ಲದೆ ಕೂದಲೆಳೆಯಷ್ಟು ಸರಿದಿರುತ್ತದೆ. ತಲೆನೋವು ಎನ್ನುತ್ತಾರೆ, ಮೆಟ್ಟಿಲು ಅಲ್ಲಾಡುತ್ತದೆ ಎನ್ನುತ್ತಾರೆ, ಆದರೆ ಕನ್ನಡಕದ ಮೇಲೆ ಅವರಿಗೆ ಅನುಮಾನವೇ ಬರುವುದಿಲ್ಲ. ನನ್ನ ಕಣ್ಣೇ ಹೋಯಿತು ಎಂದು ಅಳುತ್ತಾರೆ. ನನಗೂ ಹಾಗೇ ಆಯಿತು. ನನ್ನ ತಲೆ ಕೆಟ್ಟದ್ದಂತೂ ನಿಜ, ಹಾಗಾದರೆ ನುಂಗಿದ್ದೇನೆ ಎಂಬ ನೆನಪೂ ಸುಳ್ಳಿರಬಹುದು ಎಂದುಕೊಂಡೆ. ನನಗೇ ತಿಳಿಯದಂತೆ ಉಗುಳುತ್ತಿದ್ದೇನೇನೋ ಎಂದು ದಿಂಬಿನ ಕೆಳಗೆ, ಕಿಟಕಿಯ ಸಂದಿಯಲ್ಲಿ, ಹೂಕುಂಡದ ಮಣ್ಣಿನಲ್ಲಿ ನನ್ನದೇ ಮಾತ್ರೆಗಳನ್ನು ಹುಡುಕಿದ್ದೇನೆ. ಒಂದೂ ಸಿಗದೆ ಹೋದಾಗ ಎಷ್ಟು ಜಾಣೆಯಾಗಿ ಬಚ್ಚಿಟ್ಟಿದ್ದೇನೆ ಎಂದು ನನ್ನ ಮೇಲೇ ಹೇಸಿಗೆಪಟ್ಟೆ. ವೈರಸ್ ಏರಿದ್ದಕ್ಕಲ್ಲ, ಆಶ್ರಯಧಾಮಕ್ಕೆ ತಳ್ಳಲು ಹೊರಟದ್ದಕ್ಕಲ್ಲ, ನಿನ್ನ ಮೇಲಿನ ನನ್ನ ಮುಖ್ಯ ಸಿಟ್ಟು ಇದಕ್ಕೆ. ನನಗೆ ನನ್ನ ಮೇಲಿದ್ದ ಕಡೆಯ ಚೂರು ನಂಬಿಕೆಯನ್ನೂ ನೀನು ಕಿತ್ತುಕೊಂಡೆ.

ಮಂಗಳವಾರ ನೀನು ಫೋನಿನಲ್ಲಿ ಆ ಮೇಲ್ವಿಚಾರಕಿಗೆ "ಅವಳನ್ನ ನಂಬೋ ಹಾಗಿಲ್ಲ, ನೀವೇ ನುಂಗಿಸಬೇಕು, ಎಷ್ಟು ದಿನವಾದ್ರೂ ಇಟ್ಕೊಳ್ಳಿ" ಎಂದದ್ದು ಕೇಳಿಸಿತು. ಎಷ್ಟು ದಿನವಾದರೂ! ಯಾರೂ ವಾಪಸ್ಸು ಕೇಳದ ಛತ್ರಿಯನ್ನು ಅಂಗಡಿಯಲ್ಲಿ ಬಿಟ್ಟುಹೋದ ಹಾಗೆ.

ಅದಕ್ಕೇ ಬುಧವಾರ ಹೊರಟದ್ದು. ಡಾಕ್ಟರಮ್ಮನ ಮುಂದೆ ಕುಳಿತೆ. ಅವರು ಮತ್ತೆ ಅದೇ ರಾಗ ತೆಗೆದರು, "ಮಾತ್ರೆ ಸರಿಯಾಗಿ ತಗೊಂಡ್ರೆ ಹೀಗಾಗಲ್ಲಮ್ಮಾ." ನನ್ನ ತಾಳ್ಮೆ ತಪ್ಪಿತು. ಚೀಲವನ್ನು ಅವರ ಮೇಜಿನ ಮೇಲೆ ತಲೆಕೆಳಗೆ ಸುರಿದೆ. ಕ್ಯಾಲ್ಸಿಯಂ ಡಬ್ಬಿ ಉರುಳಿ ಅವರ ಚಹಾದ ಲೋಟ ಬಿತ್ತು. "ನಾನು ದಿನಾ ನುಂಗೋದು ಇಷ್ಟು. ಎಣಿಸ್ಕೊಳ್ಳಿ. ಬಾಯಿ ತೆಗೀಲಾ? ನಾಲಿಗೆ ಎತ್ತಲಾ?" ಎಂದು ಕೂಗಿದೆ. ಹೊರಗೆ ಸಾಲಿನಲ್ಲಿ ಕುಳಿತಿದ್ದವರೆಲ್ಲ ಎದ್ದು ನಿಂತರು.

ಡಾಕ್ಟರಮ್ಮ ಚಹಾ ಒರೆಸುತ್ತಾ ಮನಸ್ಸಿನ ಮಾತ್ರೆಯ ಸ್ಟ್ರಿಪ್ಪನ್ನು ಎತ್ತಿಕೊಂಡರು. ಹಿಂದೆ ತಿರುಗಿಸಿ ಹೆಸರು ಓದಿದರು. ಆಮೇಲೆ ಒರೆಸುವುದನ್ನು ನಿಲ್ಲಿಸಿದರು. "ಇದನ್ನ ಯಾರು ಬರೆದುಕೊಟ್ಟರು? ನೀವು ನಮ್ಮ ಮಾತ್ರೆ ತಗೊಳ್ತಿರೋದು ಅವರಿಗೆ ಗೊತ್ತಾ?" ಎಂದರು.

ಗೊತ್ತಿಲ್ಲ, ಅಕ್ಕಾ. ಅವರಿಗೆ ಬರೀ ವಿಟಮಿನ್ ಗೊತ್ತು.

ಅದು ಮೂರ್ಛೆರೋಗಕ್ಕೂ ಕೊಡುವ ಮಾತ್ರೆಯಂತೆ. ಮನಸ್ಸಿನ ಏರಿಳಿತಕ್ಕೂ ಕೊಡುತ್ತಾರೆ, ಕೆಟ್ಟ ಮಾತ್ರೆಯೇನಲ್ಲ. ಆದರೆ ಅದು ಹೊಟ್ಟೆಗೆ ಹೋದರೆ ಯಕೃತ್ತು ಚುರುಕಾಗಿ, ಎಚ್‌ಐವಿ ಮಾತ್ರೆಯನ್ನು ಕೆಲಸ ಮಾಡಲು ಬಿಡದೆ ಬೇಗ ಬೇಗ ಕರಗಿಸಿ ಹೊರಗೆ ಹಾಕುತ್ತದಂತೆ. ನಾನು ದಿನವೂ ನುಂಗಿದೆ. ನೀನು ದಿನವೂ ಟಾರ್ಚ್ ಹಾಕಿ ನೋಡಿದೆ. ನೀನು ಕೈಯಾರೆ ಕೊಟ್ಟ ಒಂದು ಮಾತ್ರೆ, ನೀನು ಕೈಯಾರೆ ಕೊಟ್ಟ ಇನ್ನೊಂದನ್ನು ತಿಂದುಹಾಕುತ್ತಿತ್ತು. ಟಾರ್ಚಿನ ಬೆಳಕು ಗಂಟಲಿನ ತನಕ ಮಾತ್ರ ಹೋಗುತ್ತದೆ.

ಡಾಕ್ಟರಮ್ಮ ನನ್ನ ಕ್ಷಮೆ ಕೇಳಿದರು. ಗಟ್ಟಿಯಾಗಿ ಕೇಳಲಿಲ್ಲ, ಆದರೂ ಕೇಳಿದರು. ಕೌನ್ಸೆಲರ್ ಬಂದು ಬಾಗಿಲು ಮುಚ್ಚಿ ಕೂತರು. ಇಲ್ಲಿಗೆ ಬರುವವರಲ್ಲಿ ಎಷ್ಟೋ ಜನರಿಗೆ ಮನಸ್ಸಿನ ಕಾಯಿಲೆಯೂ ಇರುತ್ತದೆ, ನಾವು ಕೇಳುತ್ತೇವೆ, ಎಲ್ಲರೂ ಚೆನ್ನಾಗಿದ್ದೇನೆ ಅನ್ನುತ್ತಾರೆ, ನಾವೂ ಬರೆದುಕೊಂಡು ಮುಂದಿನವರನ್ನು ಕರೆಯುತ್ತೇವೆ ಎಂದರು. ಅವರ ಮೇಲೂ ಸಿಟ್ಟು ಬಂತು. ರಕ್ತ ಚೆನ್ನಾಗಿದ್ದರೆ ಮನುಷ್ಯ ಚೆನ್ನಾಗಿದ್ದಾನೆ ಎಂದು ಇಷ್ಟು ವರ್ಷ ಬೆನ್ನು ತಟ್ಟಿದ್ದು ಅವರೇ ತಾನೇ. ಅದನ್ನೂ ಹೇಳಿಬಂದೆ. ಹೇಳಲು ಶುರುಮಾಡಿದರೆ ನಿಲ್ಲಿಸುವುದೇ ಕಷ್ಟ ನೋಡು.

ಅಲ್ಲಿಂದ ನೇರವಾಗಿ ಮನಸ್ಸಿನ ಡಾಕ್ಟರ ಬಳಿ ಹೋಗಿ, ನನಗೆ ಎಚ್‌ಐವಿ ಇದೆ ಎಂದೆ. ಅವರು ಕುರ್ಚಿ ಹಿಂದೆ ಸರಿಸಲಿಲ್ಲ. ಹತ್ತಿರ ಸೇರಿಸುವುದಿಲ್ಲ ಎಂದಿದ್ದೆಯಲ್ಲ, ಮೂಗಿನ ಮೇಲೆ ಕನ್ನಡಕ ಏರಿಸಿಕೊಂಡು, "ಮೊದಲೇ ಹೇಳಿದ್ದರೆ ಬೇರೆ ಮಾತ್ರೆ ಕೊಡ್ತಿದ್ದೆನಲ್ಲಮ್ಮಾ" ಎಂದರು. ಅಷ್ಟೇ. ನೀನು ಇಷ್ಟು ದಿನ ಹೆದರಿ ನಡುಗಿದ್ದು ಈ ಒಂದು ಮಾತಿಗೆ. ನನ್ನೆದುರೇ ಡಾಕ್ಟರಮ್ಮನಿಗೆ ಫೋನ್ ಮಾಡಿದರು. ನನ್ನ ಇಬ್ಬರು ಡಾಕ್ಟರು ಮೊದಲ ಸಲ ಪರಸ್ಪರ ಮಾತಾಡಿದರು. ಆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವಂತಿಲ್ಲ, ಸ್ವಲ್ಪ ಸ್ವಲ್ಪವೇ ಇಳಿಸಿ ಬೇರೆಯದಕ್ಕೆ ಬದಲಿಸುತ್ತಿದ್ದಾರೆ. ಅಲ್ಲಿಯವರೆಗೆ ಎಚ್‌ಐವಿ ಮಾತ್ರೆಯ ಪ್ರಮಾಣವನ್ನೂ ಬದಲಾಯಿಸಿದ್ದಾರೆ.

ಆದರೆ ವೈರಸ್ ಸುಮ್ಮನೆ ಕೂತಿರುವುದಿಲ್ಲ. ಇಷ್ಟು ತಿಂಗಳು ಅರೆಬರೆ ಔಷಧಿ ಕುಡಿದು ಅದು ನನ್ನ ಹಳೆಯ ಮಾತ್ರೆಗೆ ಒಗ್ಗಿಕೊಂಡಿರಬಹುದಂತೆ. ಹಾಗಾಗಿದ್ದರೆ ಆ ಮಾತ್ರೆ ನನ್ನ ಪಾಲಿಗೆ ಮುಗಿದಂತೆ. ರಕ್ತ ದೊಡ್ಡ ಲ್ಯಾಬಿಗೆ ಹೋಗಿದೆ, ಫಲಿತಾಂಶಕ್ಕೆ ಕಾಯಬೇಕು. ನಾನು ಕಾಯುತ್ತೇನೆ. ನೀನೂ ಕಾಯಿ. ಆ ಕಾಯುವುದರಲ್ಲಿ ನಿನಗೂ ಪಾಲಿದೆ.

ಇನ್ನು ನಾನು ನನ್ನ ಕೋಣೆಗೆ ಮರಳಿದ್ದೇನೆ. ಯಜಮಾನರಿಗೆ ಎರಡೂ ಕಾಯಿಲೆಯ ವಿಷಯ ನಾನೇ ಹೇಳಿದೆ. ಅವರೇನು ದೇವರಲ್ಲ. ಮುಖ ಸಣ್ಣದು ಮಾಡಿಕೊಂಡು, ಎರಡು ದಿನ ನನ್ನನ್ನು ಉಜ್ಜುವ ಚಕ್ರದಿಂದ ದೂರವಿಟ್ಟು ಗಲ್ಲಾದ ಹತ್ತಿರ ಕೂರಿಸಿದರು. ನಿನ್ನೆ ಸಂಜೆ ದಪ್ಪ ಗಾಜಿನ ಒಂದು ಜೋಡಿ ಬಂತು, ಬೇರೆಯವರು ಉಜ್ಜಲು ಹೋಗಿ ಅಂಚು ಚಕ್ಕೆ ಎದ್ದಿತು. "ಹೋಗಮ್ಮಾ ತಾಯಿ, ನೀನೇ ಮಾಡು" ಎಂದರು. ಮಾಡಿದೆ.

ಅಕ್ಕಾ, ನಿನ್ನನ್ನು ದ್ವೇಷಿಸಲು ಆಗಿದ್ದರೆ ಈ ಪತ್ರ ಎರಡೇ ಸಾಲಿನಲ್ಲಿ ಮುಗಿಯುತ್ತಿತ್ತು. ನನ್ನ ಕಾಯಿಲೆ ಮನೆಯಲ್ಲಿ ಗೊತ್ತಾದ ದಿನ ನಿನ್ನ ಅತ್ತೆ ನನಗೆ ಬೇರೆ ತಟ್ಟೆ ಇಟ್ಟಾಗ, ನೀನು ಬಂದು ನನ್ನ ತಟ್ಟೆಗೇ ಕೈ ಹಾಕಿ ನನ್ನ ಅನ್ನವನ್ನು ಉಂಡೆ. ಕೊನೆಯ ತುತ್ತಿನವರೆಗೂ ಉಂಡೆ. ನಾನು ಏಳಲಾರದಿದ್ದಾಗ ನನ್ನ ತಲೆಗೆ ನೀರು ಹೊಯ್ದವಳೂ ನೀನೇ. ಅಂಥವಳು ನನ್ನ ಮಾತನ್ನು ಯಾಕೆ ನಂಬಲಿಲ್ಲ? ನನ್ನ ಎಂಜಲು ಉಣ್ಣಲು ಹೆದರದವಳಿಗೆ ನನ್ನ ಬಾಯಿಂದ ಬಂದ ಒಂದು 'ಇಲ್ಲ' ಯಾಕೆ ಸಾಲಲಿಲ್ಲ? ಬರೆಯುತ್ತಾ ಅಳು ಬರುತ್ತಿದೆ, ಸಿಟ್ಟೂ ಬರುತ್ತಿದೆ. ಯಾವುದು ಎಷ್ಟು ಎಂದು ಗೊತ್ತಾಗುತ್ತಿಲ್ಲ.

ಮಂಗಳವಾರ ಬೆಳಿಗ್ಗೆ ಕೌನ್ಸೆಲರ್ ಮನೆಯವರೊಬ್ಬರನ್ನು ಕರೆದುಕೊಂಡು ಬರಲು ಹೇಳಿದ್ದಾರೆ. ಬಾ. ನಿನ್ನನ್ನು ಕಟಕಟೆಯಲ್ಲಿ ನಿಲ್ಲಿಸಲು ಅಲ್ಲ, ನನಗೆ ಬೇರೆ ಮನೆಯವರು ಇಲ್ಲ, ಅದಕ್ಕೆ. ನಿನ್ನನ್ನು ಕೇಳಿದ್ದಕ್ಕೆ ನೀನು ನಿಜ ಹೇಳು. ನನ್ನನ್ನು ಕೇಳಿದಾಗ ಬಾಯಿ ಮುಚ್ಚಿಕೊಂಡಿರು. ನಾನು ತಡವರಿಸಿದರೂ, ತಪ್ಪು ಹೇಳಿದರೂ, ಸುಮ್ಮನೆ ಕೂತು ಅತ್ತರೂ, ಉತ್ತರ ನನ್ನದು. ಅಷ್ಟು ಆಗುವುದಿಲ್ಲವೆಂದರೆ ಬರಬೇಡ.

ಇಷ್ಟು ಬೈದಿದ್ದರೂ ನಿನ್ನವಳೇ ಆದ,
ತಂಗಿ
(ಇನ್ನು ಮೇಲೆ ಬೇರೆಯವರ ಎದುರು 'ಕಡ್ಡಿ' ಎಂದು ಕರೆಯಬೇಡ. ತೂಕ ಇಳಿದಿದೆ, ಅವಮಾನವಾಗುತ್ತದೆ.)

ಮರೆತಿದ್ದೆ: ಮನಸ್ಸಿನ ಡಾಕ್ಟರು ಇನ್ನೊಂದು ಕೇಳಿದರು. ಒಡಹುಟ್ಟಿದವರಲ್ಲಿ ಯಾರಿಗಾದರೂ ಇಂಥ ತೊಂದರೆ ಇದೆಯೇ ಎಂದು. ಯಾರಿಗೂ ಇಲ್ಲ ಎಂದು ನಾಲಿಗೆಯ ತುದಿಗೆ ಬಂದಿತ್ತು, ಥೇಟ್ ನಿನ್ನ ಹಾಗೆ. ಮಧ್ಯಾಹ್ನ ಮನೆಯವರೆಲ್ಲ ಹೊರಗೆ ಹೋದ ಮೇಲೆ ನೀನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತೀಯ. ನಾನು ನಿನ್ನ ಮನೆಯಲ್ಲಿದ್ದಷ್ಟು ದಿನವೂ ಕೇಳಿಸಿಕೊಂಡಿದ್ದೇನೆ. ನೀರಿನ ಸದ್ದು ನೀನು ಅಂದುಕೊಂಡಷ್ಟು ದೊಡ್ಡದಲ್ಲ. ಡಾಕ್ಟರಿಗೆ, "ಅದನ್ನ ನಾನು ಹೇಳೋ ಹಾಗಿಲ್ಲ, ಹೇಳಬೇಕಾದವರೇ ಬಂದು ಹೇಳಬೇಕು" ಎಂದೆ. ಅವರ ನಂಬರು ಈ ಹಾಳೆಯ ಹಿಂದಿದೆ. ಹೋಗುವ ದಿನ ಹೇಳು, ಜೊತೆಗೆ ಬರುತ್ತೇನೆ. ಬಾಗಿಲ ಹೊರಗೇ ಕೂತಿರುತ್ತೇನೆ.